ವಾಮನ ಕಾಕಾನ ನಾಲ್ಕು ಡಬ್ಬಿಯ ಕ್ಯಾರಿಯರ್

ವಾಮನ ಕಾಕಾ ಎದುರಿಗೆ ಸಿಕ್ಕವರಿಗೆ ನಮಸ್ಕಾರ ಮಾಡುತ್ತಿರಲಿಲ್ಲ. ಬಲಗೈ ಚಾಚಿ, ಅಂಗೈಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಹಿಂಗೈಯಿಂದ ನಮ್ಮ ಅಂಗಿಯ ಜೇಬಿನ ಮೊಬೈಲನ್ನು ಮುಟ್ಟಿ ನೋಡುತ್ತಿದ್ದರು. "ಬಿಸಿ ಆಗೇದ. ಎದಿ ಮ್ಯಾಲೆ ಕೆಂಡ ಇಟಗೊಂಡು ತಿರಗಬ್ಯಾಡೋ" ಎನ್ನುತ್ತಿದ್ದರು. ಲಿಫ್ಟಿನ ಗುಂಡಿ, ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆ, ನೆರೆಮನೆಯ ಮಿಕ್ಸರ್, ಜ್ವರ ಬಂದ ಮಕ್ಕಳ ಕತ್ತು, ಎಲ್ಲವನ್ನೂ ಹಿಂಗೈ ಇಟ್ಟೇ ವಿಚಾರಿಸುತ್ತಿದ್ದರು. ಒಮ್ಮೆ ನಮ್ಮ ಕಟ್ಟಡದ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ವಿಷಯಕ್ಕೆ ಕೂಗಾಡುತ್ತಿದ್ದ ಸೆಕ್ರೆಟರಿಯ ಹಣೆಗೂ ಹಿಂಗೈ ಇಟ್ಟು, "ಐದು ನಿಮಿಷ ಬಂದ್ ಮಾಡಿ ಇಡ್ರಿ, ತಣ್ಣಗಾಗತದ" ಎಂದಿದ್ದರು.

ಹಿಂಗೈ ಯಾಕೆಂದು ಕೇಳಿದರೆ ಕಾರಣ ಸಿದ್ಧವಿತ್ತು. "ಕರೆಂಟ ಇದ್ರ ಅಂಗೈ ಮುಚಗೊಂಡು ಹಿಡಕೋತದ. ಹಿಂಗೈ ಹಂಗಲ್ಲ, ಝಾಡಿಸಿ ಹಿಂದ ಬರತದ. ಜೀವನದಾಗ ಏನ ಮುಟ್ಟಿದ್ರೂ ಬಿಟ್ಟು ಬರೂಹಂಗ ಮುಟ್ಟಬೇಕು." ಇಷ್ಟು ಎಚ್ಚರದ ಮನುಷ್ಯ ನಮ್ಮೆಲ್ಲರನ್ನೂ ಸುಟ್ಟುಹಾಕುವ ಹಂತಕ್ಕೆ ಬಂದದ್ದು ಹೇಗೆಂಬುದೇ ನಾನು ಹೇಳಬೇಕಾದ ಕತೆ.

ನಾವಿರುವುದು ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಹಳೆಯ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ. ಕಾಕಾ ಮೇಲಿನ ಮನೆ, ನಾನು ಕೆಳಗಿನ ಮನೆ. ಅವರು ಬಾಗಲಕೋಟೆಯ ಕಡೆಯವರು, ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬೆಂಕಿ ಬಿದ್ದ ಅಂಗಡಿಗಳ ಕಾಗದಪತ್ರ ನೋಡಿ ನೋಡಿ, ಬೆಂಕಿಯೆಂದರೆ ಮೂರು ಪ್ರತಿಗಳಲ್ಲಿ ಬರುವ ಫಾರ್ಮು ಎಂಬ ಭಾವನೆ ಅವರಿಗೆ. ನಾನು ಉಡುಪಿಯ ಕಡೆಯವನು, ನವಿ ಮುಂಬಯಿಯ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ರಸಾಯನಶಾಸ್ತ್ರ ಓದಿದ್ದೇನೆ ಎಂದು ಯಾವುದೋ ಮಾತಿಗೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ನನಗಿದ್ದ ಹೆಸರು ಹೋಗಿ "ಬೀಯೆಸ್ಸಿ" ಎಂಬ ಹೆಸರು ಬಂತು. ಬೀಯೆಸ್ಸಿ, ಹಾಲ ಬಂದದ. ಬೀಯೆಸ್ಸಿ, ನಳ ಹೋಗೇದ.

ಕಾಕಾನಿಗೆ ಬ್ಯಾಟರಿಯ ಹುಚ್ಚು ಹಿಡಿದದ್ದು ಅಕ್ಕನಿಂದಾಗಿ. ಅವರ ಅಕ್ಕ ಗೋದಕ್ಕ ಅದೇ ರೈಲು ದಾರಿಯ ಟಿಟ್ವಾಳಾದಲ್ಲಿ ಮಗಳ ಜೊತೆಗಿದ್ದರು. ಶ್ವಾಸಕೋಶ ಸೋತಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಆಕ್ಸಿಜನ್ ಯಂತ್ರವೊಂದು ದಿನವಿಡೀ ಅವರ ಮೂಗಿಗೆ ಗಾಳಿ ಕೊಡುತ್ತಿತ್ತು. ಆದರೆ ನಮ್ಮ ಕಡೆ ಶುಕ್ರವಾರವೆಂದರೆ ದುರಸ್ತಿಯ ದಿನ. ಬೆಳಿಗ್ಗೆ ಹೋದ ಕರೆಂಟು ಯಾವಾಗ ಬರುತ್ತದೆಂದು ಕಂಪನಿಗೂ ಗೊತ್ತಿರುವುದಿಲ್ಲ. ಮಗಳು ನೌಪಾಡಾದ ಸೀರೆ ಅಂಗಡಿಗೆ ಕೆಲಸಕ್ಕೆ ಹೋದಮೇಲೆ ಗೋದಕ್ಕ ಒಬ್ಬರೇ ಸಣ್ಣ ಸಿಲಿಂಡರಿನ ಮುಳ್ಳು ನೋಡುತ್ತಾ ಕೂತಿರುತ್ತಿದ್ದರು. ಕಾಕಾ ಪ್ರತಿ ಶುಕ್ರವಾರ ಅರ್ಧ ತಾಸಿಗೊಮ್ಮೆ ಫೋನು ಮಾಡಿ, "ಅಕ್ಕಾ, ಮುಳ್ಳು ಎಲ್ಲಿ ಅದ?" ಎಂದು ಕೇಳುತ್ತಿದ್ದರು. ಅತ್ತಲಿಂದ ಗೋದಕ್ಕ, "ನಿನ್ನ ಕೂಡ ಮಾತಾಡಿದ್ರ ಮತ್ತಿಷ್ಟು ಕೆಳಗ ಬರತದ, ಇಡು ಫೋನ" ಎನ್ನುತ್ತಿದ್ದರು.

ಅಂಗಡಿಯಲ್ಲಿ ಸಿಗುವ ಇನ್ವರ್ಟರ್ ತಂದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಅದನ್ನು ಹೇಳಿದೆ ಕೂಡ. ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಅಂಗಡ್ಯಾಂವಗ ನಮ್ಮ ಅಕ್ಕ ಏನಾಗಬೇಕು? ಅಂವ ಮಾಡಿದ ಬ್ಯಾಟರಿಗೆ ಮಾಯೆ ಇರತದೇನು?"

ಮೊದಲ ಪ್ರಯೋಗ ನಮ್ಮ ಗಚ್ಚಿನ ಮೇಲೆ, ಅಂದರೆ ಕಟ್ಟಡದ ತಾರಸಿಯಲ್ಲಿ, ನಡೆಯಿತು. ಕಲ್ಯಾಣದ ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯಿಂದ ಎರಡು ಹಳೆಯ ಸೌರ ಫಲಕಗಳನ್ನು ತಂದು, ನೀರಿನ ಟಾಕಿಗೆ ಒರಗಿಸಿ, ಬಚ್ಚಲ ಪೈಪಿನ ಪಕ್ಕದಿಂದ ವೈರು ಇಳಿಸಿದರು. ಎಂಟನೇ ದಿನ ಸೊಸೈಟಿಯ ನೋಟೀಸು ಬಂತು. ಗಚ್ಚಿನ ಮೇಲೆ ಬೀಳುವ ಬಿಸಿಲು ಎಲ್ಲ ಸದಸ್ಯರ ಸಾಮೂಹಿಕ ಆಸ್ತಿ, ಅದರ ಖಾಸಗಿ ಬಳಕೆಗೆ ಸಮಿತಿಯ ಒಪ್ಪಿಗೆ ಬೇಕು, ಎಂದಿತ್ತು. ಕಾಕಾ ಉತ್ತರ ಬರೆದರು: "ನನ್ನ ಪಾಲಿನ ಬಿಸಿಲನ್ನು ಅಳೆದು ಕೊಟ್ಟರೆ ಉಳಿದದ್ದನ್ನು ವಾಪಸ್ ಮಾಡುತ್ತೇನೆ." ಸಮಿತಿ ಮೂರು ಸಭೆ ಸೇರಿತು. ಅಷ್ಟರಲ್ಲಿ ಹೆಂಗಸರು, ಇಳಿಜಾರಾಗಿ, ನುಣ್ಣಗೆ, ಬಿಸಿಲಿಗೆ ಮುಖ ಮಾಡಿ ನಿಂತ ಆ ಫಲಕಗಳಿಗಿಂತ ಒಳ್ಳೆಯ ಜಾಗ ಇಲ್ಲವೆಂದು ಕಂಡುಕೊಂಡು ಸಂಡಿಗೆ ಹಾಕಿಬಿಟ್ಟಿದ್ದರು. ಕರೆಂಟು ನಿಂತುಹೋಯಿತು. ಕಾಕಾ ಮೀಟರು ಹಿಡಿದು ಎರಡು ದಿನ ವೈರು ಹುಡುಕಿ, ಕೊನೆಗೆ ಗಚ್ಚಿಗೆ ಹತ್ತಿ, ಒಂದು ಸಂಡಿಗೆ ಎತ್ತಿ ಬಾಯಿಗೆ ಹಾಕಿಕೊಂಡು, "ಫಾಲ್ಟ್ ಸಿಕ್ಕಿತು. ಉಪ್ಪು ಕಡಿಮಿ" ಎಂದರು.

ಸಂಡಿಗೆ ಸರಿಸಿದ ಮೇಲೆ ಕರೆಂಟು ಬಂತು. ಶುಕ್ರವಾರ ಇಡೀ ಕಟ್ಟಡ ಬೆವರುವಾಗ ಕಾಕಾನ ಮನೆಯಲ್ಲಿ ಒಂದು ಫ್ಯಾನು, ಒಂದು ದೀಪ. ಜನ ಮೊಬೈಲು ಚಾರ್ಜಿಗೆಂದು ಸಾಲುಗಟ್ಟಿದರು. ಬೆಳಿಗ್ಗೆ ಎರಡನೇ ನೋಟೀಸಿಗೆ ಸಹಿ ಹಾಕಿದ ಸೆಕ್ರೆಟರಿ ಮಧ್ಯಾಹ್ನ ಅದೇ ಕೈಯಲ್ಲಿ ಮೊಬೈಲು ಹಿಡಿದು ಬಂದರು. "ವೈಯಕ್ತಿಕ್ ಕಾಹೀ ನಾಹೀ ಹಂ, ವಾಮನರಾವ್" ಎಂದರು, ವೈಯಕ್ತಿಕವಾಗಿ ಏನೂ ಇಲ್ಲ ಎಂದು. ಕಾಕಾ ಅವರ ಮೊಬೈಲಿಗೆ ಹಿಂಗೈ ಇಟ್ಟು, "ನಿಮ್ಮ ನೋಟೀಸಿಗಿಂತ ಇದೇ ಬಿಸಿ ಅದ" ಎಂದು ಚಾರ್ಜಿಗೆ ಹಾಕಿದರು.

ಈ ಯಶಸ್ಸೇ ನಮ್ಮನ್ನು ಹಾಳು ಮಾಡಿತು. ಇನ್ನು ಅಕ್ಕನಿಗೆ ದೊಡ್ಡದನ್ನೇ ಕಟ್ಟುವುದೆಂದು ಕಾಕಾ ತೀರ್ಮಾನಿಸಿದರು. ಭಂಗಾರದವನಿಂದ ಸತ್ತ ಲ್ಯಾಪ್‌ಟಾಪುಗಳ ಬ್ಯಾಟರಿಗಳು ಗೋಣಿಚೀಲದಲ್ಲಿ ಬಂದವು. ಒಡೆದರೆ ಒಳಗೆ ಹೆಬ್ಬೆರಳು ಗಾತ್ರದ ಲಿಥಿಯಂ ಸೆಲ್ಲುಗಳು. ಒಂದೊಂದನ್ನೂ ಚಾರ್ಜು ಮಾಡಿ, ಅಳೆದು, ಮೈಮೇಲೆ ಮಾರ್ಕರಿನಿಂದ ಅಂಕ ಬರೆದರು. "ಇದು ಫಸ್ಟ್ ಕ್ಲಾಸ್. ಇದು ಸೆಕೆಂಡ್. ಇದು ನಪಾಸ್ ಆಗಬೇಕಿತ್ತು, ಆದ್ರ ಒಂದ ಸಲ ಭಾಳ ಚಂದ ಉರೀತು, ಗ್ರೇಸ್ ಮಾರ್ಕ್ಸ್ ಕೊಟ್ಟೇನಿ."

"ಕಾಕಾ, ಬ್ಯಾಟರಿಗೆ ಗ್ರೇಸ್ ಮಾರ್ಕ್ಸ್ ಎಂತದ್ದು ಮಾರಾಯ್ರೆ?" ಎಂದೆ.

"ನಿಮ್ಮ ಯೂನಿವರ್ಸಿಟಿ ನಿನಗ ಕೊಟ್ಟಿಲ್ಲೇನು? ನೀ ನಡದಿಲ್ಲ?"

ಅವುಗಳನ್ನು ಕೂಡಿಸಲು ಪೆಟ್ಟಿಗೆ ಬೇಕಿತ್ತು. ಕಾಕಾ ಅಟ್ಟದಿಂದ ತಮ್ಮ ತಾಯಿಯ ಕಾಲದ ಸ್ಟೀಲಿನ ಕ್ಯಾರಿಯರ್ ಇಳಿಸಿದರು. ನಾಲ್ಕು ಡಬ್ಬಿ ಒಂದರ ಮೇಲೊಂದು, ಹತ್ತು ಜನರ ಊಟ ಹಿಡಿಯುವಂಥದ್ದು. ಅನ್ನದ ಡಬ್ಬಿಯಲ್ಲಿ ಫಸ್ಟ್ ಕ್ಲಾಸಿನವು, ಸಾರಿನ ಮತ್ತು ಪಲ್ಯದ ಡಬ್ಬಿಗಳಲ್ಲಿ ಸೆಕೆಂಡ್ ಕ್ಲಾಸಿನವು, ಮೇಲೆ ಉಪ್ಪಿನಕಾಯಿಯ ಡಬ್ಬಿಯಲ್ಲಿ ಗ್ರೇಸ್ ಮಾರ್ಕ್ಸಿನವು. ಸ್ಟೀಲಿನಲ್ಲಿ ಕರೆಂಟು ಹರಿಯುತ್ತದಲ್ಲ ಎಂದೆ. ಅದು ಅವರಿಗೂ ಗೊತ್ತಿತ್ತು. ಸೆಲ್ಲಿಗೂ ಸ್ಟೀಲಿಗೂ ನಡುವೆ ದಪ್ಪ ಕಾಗದ ಹಾಸುವುದೆಂದು ಹೊರಟರು. ದಪ್ಪ ಕಾಗದ ಕೊಟ್ಟವನು ನಾನೇ. ನನ್ನ ಮದುವೆಗೆ ಅಪ್ಪ ಅತಿ ಉತ್ಸಾಹದಿಂದ ಅಚ್ಚು ಹಾಕಿಸಿ ಉಳಿದುಹೋದ ಆಮಂತ್ರಣ ಪತ್ರಿಕೆಗಳು ಕಪಾಟಿನಲ್ಲಿದ್ದವು. ಕಾಕಾ ಒಂದನ್ನು ಬಗ್ಗಿಸಿ ನೋಡಿ ಮೆಚ್ಚಿದರು. "ಭಾಳ ಘಟ್ಟಿ ಲಗ್ನಪತ್ರಿಕಾ. ನಿನ್ನ ಸಂಸಾರಾನೂ ಹಿಂಗ ಇರಲಿ." ನಾನು ಕತ್ತರಿ ಹಿಡಿದು ಕೂತು ದುಂಡಗೆ ಕತ್ತರಿಸಿ ಕೊಟ್ಟೆ.

ಫ್ಯೂಸ್ ಹಾಕಿ ಎಂದು ಮೂರು ಸಲ ಹೇಳಿದೆ. "ಫ್ಯೂಜ ಅಂದ್ರ ತಮ್ಮ ಕೆಲಸದ ಮ್ಯಾಲೆ ತಮಗ ನಂಬಿಗಿ ಇಲ್ಲದವರು ಹಾಕೂದು." ನಾಲ್ಕನೇ ಸಲ ನಾನು ಹೇಳಲಿಲ್ಲ.

ಬೇಸಿಗೆಯ ಒಂದು ಮಂಗಳವಾರ ಹೊರಟೆವು. ಬರುವ ಶುಕ್ರವಾರ ಟಿಟ್ವಾಳಾದಲ್ಲಿ ಇಡೀ ದಿನ ಕರೆಂಟಿಲ್ಲವೆಂದು ಘೋಷಣೆಯಾಗಿತ್ತು, ಕಾಕಾನಿಗೆ ತಡೆಯಲಾಗಲಿಲ್ಲ. ನಾನು ರಜೆ ಹಾಕಿದೆ. ಅಂದು ಅಂಗಾರಕಿ ಸಂಕಷ್ಟಿ ಎಂಬುದು ಇಬ್ಬರ ತಲೆಯಲ್ಲೂ ಇರಲಿಲ್ಲ. ಟಿಟ್ವಾಳಾದ ಗಣಪತಿಗೆ ಊರೆಲ್ಲ ಹೊರಡುವ ದಿನ. ನೆನಪಿದ್ದವರು ಕಾಕಾನ ಹೆಂಡತಿ ಕಾಕೂ ಒಬ್ಬರೇ. ಅವರು ಕ್ಯಾರಿಯರಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಚೆಂಡುಹೂವಿನ ಮಾಲೆ ಹಾಕಿ, ಗರಿಕೆ ಸಿಕ್ಕಿಸಿ, ಬಟ್ಟೆಯ ಚೀಲದಲ್ಲಿಟ್ಟು ಕಳಿಸಿದರು.

ಡೊಂಬಿವಲಿಯಲ್ಲೇ ಲೋಕಲ್ ರೈಲುಗಾಡಿ ತುಂಬಿತ್ತು. ಚೀಲವನ್ನು ಸೀಟಿನ ಮೇಲಿನ ಕಂಬಿಗಳ ಹಲಗೆಗೆ ಏರಿಸಿ ಕೆಳಗೆ ಒತ್ತಿಕೊಂಡು ನಿಂತೆವು. ಕಲ್ಯಾಣದಲ್ಲಿ ಬರಿಗಾಲಿನ ಭಕ್ತರ ದಂಡು ನುಗ್ಗಿತು. ಒಬ್ಬ ತೆಂಗಿನಕಾಯಿಯ ಮೂಟೆಯನ್ನು ಎತ್ತಿ ನಮ್ಮ ಚೀಲದ ಮೇಲೆ ಇಟ್ಟ.

"ಅರೆ, ಅದರ ಮ್ಯಾಲೆ ಬ್ಯಾಡ!" ಕಾಕಾ ಕನ್ನಡದಲ್ಲೇ ಕೂಗಿದರು.

"ಕಾಕಾ, ದೇವ್ ಕಾ ನಾರಿಯಲ್ ಹೈ, ಕುಛ್ ನಹೀ ಹೋತಾ." ದೇವರ ಕಾಯಿ, ಏನೂ ಆಗುವುದಿಲ್ಲ ಎಂದ.

ಶಹಾಡ್ ಬಿಟ್ಟು ಗಾಡಿ ಹೊರಟಾಗ ವಾಸನೆ ಬಂತು. ಸಿಹಿಯಾದ, ಕಳಿತ ಹಣ್ಣಿನ ವಾಸನೆ. "ಕೌನ್ ಆಮ್ ಲಾಯಾ ಹೈ ರೆ? ಹಾಪೂಸ್!" ಎಂದ ಒಬ್ಬ, ಮಾವಿನ ಹಣ್ಣೆಂದುಕೊಂಡು. "ಹಾಪೂಸ್ ಅಲ್ಲ, ಪಾಯರಿ" ಎಂದು ಇನ್ನೊಬ್ಬ ಮರಾಠಿಯಲ್ಲಿ ವಾದಕ್ಕಿಳಿದ. ನಾನು ವರ್ಷಗಟ್ಟಲೆ ಇಂಥ ದ್ರಾವಕಗಳನ್ನು ಮೂಸಿದವನು. ಅದು ಹಾಪೂಸೂ ಅಲ್ಲ, ಪಾಯರಿಯೂ ಅಲ್ಲ, ಲಿಥಿಯಂ ಸೆಲ್ಲು ಬಾಯಿಬಿಟ್ಟ ವಾಸನೆ ಎಂದು ಆ ಕಂಪಾರ್ಟ್‌ಮೆಂಟಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಒಂದು ಸೆಲ್ಲು ಹೊತ್ತಿದರೆ ಪಕ್ಕದ್ದು, ಅದರಿಂದ ಅದರ ಪಕ್ಕದ್ದು, ಹೀಗೆ ನಾಲ್ಕೂ ಡಬ್ಬಿ. ಇದನ್ನು ಪುಸ್ತಕದಲ್ಲಿ ಓದಿದ ಪುಟ ಕೂಡ ಕಣ್ಣಿಗೆ ಬಂತು.

ಕಾಕಾ ಕೈ ಮೇಲೆತ್ತಿ ಚೀಲಕ್ಕೆ ಹಿಂಗೈ ಇಟ್ಟರು. ಕೈ ಝಾಡಿಸಿ ಹಿಂದೆ ಬಂತು. ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಉತ್ತರ ಇತ್ತು.

ಆಮೇಲೆ ಆ ಎಪ್ಪತ್ತರ ಮನುಷ್ಯ ತೆಂಗಿನಕಾಯಿ ಮೂಟೆಯನ್ನು ಯಾರದೋ ತೋಳಿಗೆ ತಳ್ಳಿ, ಚೀಲವನ್ನು ಎರಡೂ ಕೈಯಲ್ಲಿ ಎಳೆದುಕೊಂಡು, ಕೀರಲು ಧ್ವನಿಯಲ್ಲಿ ಕೂಗಿದರು: "ನಿರ್ಮಾಲ್ಯ ಆಹೇ! ಪುಲಾವರ್ ಸೋಡಾಯ್ಚಂ ಆಹೇ! ದ್ಯಾ, ಪುಢೇ ದ್ಯಾ!" ನಿರ್ಮಾಲ್ಯ, ಸೇತುವೆ ಮೇಲೆ ಬಿಡಬೇಕು, ಮುಂದೆ ಕೊಡಿ.

ನಮ್ಮ ಗಾಡಿಗಳಲ್ಲಿ ಓಡಾಡಿದವರಿಗೆ ಇದು ಗೊತ್ತು. ದೇವರಿಗೆ ಏರಿಸಿ ತೆಗೆದ ಹೂವನ್ನು ಕಸಕ್ಕೆ ಹಾಕುವಂತಿಲ್ಲ, ಹರಿಯುವ ನೀರಿಗೇ ಬಿಡಬೇಕು. ಹಾಗಾಗಿ ಸೇತುವೆ ಬಂದಾಗ ಯಾರೋ ಒಬ್ಬರು ಪೊಟ್ಟಣ ತೆಗೆಯುತ್ತಾರೆ. ಅದು ಗುರುತಿಲ್ಲದ ಕೈಗಳನ್ನು ದಾಟಿ ಬಾಗಿಲಲ್ಲಿ ನೇತಾಡುವವನಿಗೆ ಮುಟ್ಟುತ್ತದೆ. ಕಾಲಿಡಲು ಜಾಗ ಕೊಡದ ಗಾಡಿ ನಿರ್ಮಾಲ್ಯಕ್ಕೆ ದಾರಿ ಕೊಡುತ್ತದೆ. ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಚೀಲದ ಬಾಯಿಂದ ಬಿಳಿ ಹೊಗೆ ಏಳುತ್ತಿತ್ತು. "ಧೂಪ ಅಜೂನ್ ಜಿವಂತ್ ಆಹೇ," ಧೂಪ ಇನ್ನೂ ಉರಿಯುತ್ತಿದೆ ಎಂದು ಕಾಕಾ ಎಲ್ಲರಿಗೂ ಸಮಾಧಾನ ಹೇಳಿದರು. ಜನ ಭಕ್ತಿಯಿಂದ ಕೈ ಚಾಚಿದರು. ಹದಿನಾಲ್ಕು ಕೈಗಳು. ನಾನು ಈಗಲೂ ಎಣಿಸುತ್ತೇನೆ, ಪ್ರತಿ ಸಲವೂ ಹದಿನಾಲ್ಕೇ ಬರುತ್ತವೆ. ಮೊದಲನೆಯವನು ಹಣೆಗೆ ಮುಟ್ಟಿಸಿಕೊಂಡು ಮುಂದೆ ಕೊಟ್ಟ. ಎರಡನೆಯವನು ಕಣ್ಣು ಮುಚ್ಚಿ ಏನೋ ಬೇಡಿಕೊಂಡ, ಮೂರು ಸೆಕೆಂಡು. ಒಬ್ಬ ಹೆಂಗಸು ತನ್ನ ಕೂಸಿನ ತಲೆಯನ್ನು ಅದಕ್ಕೆ ತಾಗಿಸಿದಳು. ಒಳಗಿಂದ ಕುಕ್ಕರಿನಂಥ ಸುಯ್ ಶಬ್ದ ಬರುತ್ತಿತ್ತು. "ಕಿತನಾ ಗರಮ್ ಹೈ, ತಾಜಾ ಹೈ" ಎಂದ ಇನ್ನೊಬ್ಬ. ಬ್ಯಾಟರಿ, ಓಡಿ ಎಂದು ನಾನು ಕೂಗಿದ್ದರೆ ಇವರೆಲ್ಲ ಓಡುವ ಗಾಡಿಯಿಂದ ಹಳಿಯ ಮೇಲೆ ಧುಮುಕುತ್ತಿದ್ದರು. ಕೂಗದಿದ್ದರೆ ಇಲ್ಲೇ ಬೇಯುತ್ತಿದ್ದರು. ನಾನು ಎರಡನ್ನೂ ಆರಿಸಿಕೊಳ್ಳದೆ ಕಂಬಿ ಹಿಡಿದು ನಿಂತಿದ್ದೆ.

ಚೀಲ ಬಾಗಿಲಿಗೆ ಮುಟ್ಟಿತು. ಅಲ್ಲಿ ನೇತಾಡುತ್ತಿದ್ದ ಕೆಂಪು ಅಂಗಿಯವನು ಅದನ್ನು ಎದೆಗವಚಿಕೊಂಡು ನಿಂತ. ಸೇತುವೆ ಇನ್ನೂ ಬಂದಿರಲಿಲ್ಲ.

"ಆತ್ತಾಚ್ ಟಾಕ್! ಅಭೀ ಫೇಕೋ!" ಈಗಲೇ ಎಸೆ ಎಂದು ಕಾಕಾ ಅರಚಿದರು.

"ಜಮೀನ್ ಪೇ ಕೈಸೆ ಫೇಕೂಂ ಕಾಕಾ? ಪಾಪ್ ಲಗೇಗಾ. ಪಾನೀ ಆನೇ ದೋ." ನೆಲಕ್ಕೆ ಎಸೆದರೆ ಪಾಪ, ನೀರು ಬರಲಿ ಎಂದ.

ಹಳಿಯ ಪಕ್ಕದಲ್ಲಿ ತಗಡಿನ ಮನೆಗಳು ಓಡುತ್ತಿದ್ದವು. ಅವುಗಳ ಮುಂದೆ ಬಟ್ಟೆ ಒಣಗಿಸುತ್ತಿದ್ದ ಜನ. ಅವನ ಧರ್ಮವೇ ಅವರನ್ನು ಉಳಿಸಿತೋ, ಕಾಕಾನ ಅವಸರಕ್ಕೆ ಅವನು ಕಿವಿಗೊಟ್ಟಿದ್ದರೆ ಏನಾಗುತ್ತಿತ್ತೋ, ಇದನ್ನೂ ನಾನು ದಿನಕ್ಕೊಮ್ಮೆ ಲೆಕ್ಕ ಹಾಕುತ್ತೇನೆ. ಕೊನೆಗೆ ಉಲ್ಹಾಸ ನದಿಯ ಸೇತುವೆಯ ಕಬ್ಬಿಣ ಗಡಗಡ ಎಂದಿತು. ಕೆಂಪು ಅಂಗಿಯವನು ಚೀಲವನ್ನು ತಲೆಯ ಮೇಲೆತ್ತಿ, "ಗಣಪತಿ ಬಾಪ್ಪಾ" ಎಂದ. ಇಡೀ ಬೋಗಿ "ಮೋರಯಾ" ಎಂದಿತು. ಎಸೆದ.

ಕಂಬಿಗಳ ನಡುವಿನಿಂದ ಇಳಿಯುತ್ತಾ ಅದು ಹೊತ್ತಿಕೊಂಡಿತು. ಹೂವೆಲ್ಲ ಒಂದು ಕ್ಷಣ ಬೆಂಕಿಯ ಉಂಡೆಯಾಯಿತು. ನೀರು ಮುಟ್ಟಿದಾಗ ಢಮ್ಮೆಂದು ಸಿಡಿದು ಬಿಳಿಯ ಕಂಬವೊಂದು ಎದ್ದಿತು.

ಆಮೇಲೆ ಕೆಂಪು ಅಂಗಿಯವನು ನಿಧಾನವಾಗಿ ಕೈ ಮುಗಿದ. "ಜ್ವಾಲಾ ದೇಖಾ? ಸಾಕ್ಷಾತ್!" ಎಲ್ಲರೂ ಕೈ ಮುಗಿದರು. ಒಬ್ಬ ಮುದುಕ ಸೀಟು ಬಿಟ್ಟು ಕಾಕಾನನ್ನು ಕೂರಿಸಿ, ಯಾವ ದೇವರು, ಎಲ್ಲಿಯದು ಎಂದು ತಗ್ಗಿದ ದನಿಯಲ್ಲಿ ಕೇಳಿದ: "ಕೌನ್ ಸಾ ದೇವ್ ಥಾ ಕಾಕಾ? ಕಹಾಂ ಕಾ?"

"ಘರ್ ಕಾ," ಎಂದರು ಕಾಕಾ. "ಘರ್ ಮೇಂ ಬನಾಯಾ ಥಾ." ಮನೆಯದು, ಮನೆಯಲ್ಲೇ ಮಾಡಿದ್ದು.

ಅವರ ಬಲಗೈಯ ಹಿಂಭಾಗ ಬೊಬ್ಬೆಯೆದ್ದಿತ್ತು. ಟಿಟ್ವಾಳಾ ಬರುವವರೆಗೆ ಜನ ಆ ಕೈಯನ್ನೇ ಮುಟ್ಟಿ ನಮಸ್ಕರಿಸಿ ಇಳಿದರು. ಅವರು ಹಲ್ಲು ಕಚ್ಚಿಕೊಂಡು ಆಶೀರ್ವಾದ ಮಾಡುತ್ತಾ ಕೂತಿದ್ದರು.

ಗೋದಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದರು. ಅವರು ಮೂಗಿನ ನಳಿಗೆ ಸರಿಮಾಡಿಕೊಂಡು, "ಅವ್ವನ ಕ್ಯಾರಿಯರ್ ಹೋತಲ್ಲೋ ವಾಮ್ಯಾ," ಎಂದರು. "ನಾಲ್ಕೂ ಡಬ್ಬಿ?"

"ನಾಲ್ಕೂ."

"ಮುಚ್ಚಳಾ?"

ಮರುದಿನ ಕಾಕಾ ಉಳಿದ ಮದುವೆ ಪತ್ರಿಕೆಯೊಂದನ್ನು ಮೀಟರಿಗೆ ಹಚ್ಚಿ ನೋಡಿದರು. ಪ್ರತಿಯೊಂದರ ನಡುವೆಯೂ ಅಪ್ಪ ಆಸೆಪಟ್ಟು ಹಾಕಿಸಿದ ಬಂಗಾರ ಬಣ್ಣದ ಗಣಪತಿ. ಬಣ್ಣವಲ್ಲ ಅದು, ತೆಳುವಾದ ಲೋಹದ ಹಾಳೆ. ಗ್ರೇಸ್ ಮಾರ್ಕ್ಸಿನ ಸೆಲ್ಲುಗಳು, ಮೇಲೆ ತೆಂಗಿನಕಾಯಿಯ ಭಾರ, ಕೆಳಗೆ ಕರೆಂಟು ಹರಿಸುವ ಗಣಪತಿ. ನಾನೇ ಕತ್ತರಿ ಹಿಡಿದು, ಗಣಪತಿಗೆ ಗಾಯವಾಗದಂತೆ, ಅವನನ್ನು ಸರಿಯಾಗಿ ಮಧ್ಯಕ್ಕೆ ಇರಿಸಿ ದುಂಡಗೆ ಕತ್ತರಿಸಿದ್ದೆ.

ಆ ಶುಕ್ರವಾರ ಗೋದಕ್ಕನ ಮಗಳು ರಜೆ ಹಾಕಿ ಬಾಡಿಗೆಯ ದೊಡ್ಡ ಸಿಲಿಂಡರ್ ತಂದಳು. ಮುಂದಿನ ತಿಂಗಳು ಕಾಕಾ ಒಬ್ಬ ನಿಜವಾದ ಇಲೆಕ್ಟ್ರಿಶಿಯನ್ನನ್ನು ಕರೆದುಕೊಂಡು ಹೋದರು. ಹೊಸ ಬ್ಯಾಟರಿ, ಗಾಳಿಯಾಡುವ ಪೆಟ್ಟಿಗೆ, ಬಾಲ್ಕನಿಯ ಸರಳಿಗೆ ಹೊಸ ಫಲಕ. ಟೆಂಪೋದಲ್ಲಿ ಹೋಯಿತು, ಗಾಡಿಯಲ್ಲಲ್ಲ. ಇಲೆಕ್ಟ್ರಿಶಿಯನ್ ಒಂದು ಫ್ಯೂಸ್ ಹಾಕಿದ. ಕಾಕಾ ಅವನ ಕೈಯಿಂದ ಇನ್ನೂ ಎರಡು ಹಾಕಿಸಿದರು. ಯಂತ್ರ ನಿಲ್ಲದೆ ಓಡಿತು. ಆ ಮೊದಲ ಶುಕ್ರವಾರ ಅವರು ಫೋನು ಮಾಡಿದಾಗ ಗೋದಕ್ಕ ಒಂದು ತಾಸು ಊರಿನ ಸುದ್ದಿ ಮಾತಾಡಿದರು.

ಕಾಕಾನನ್ನು ಕೊನೆಯ ಸಲ ನೋಡಿದ್ದು ಅವರ ಮನೆಯ ಜೋಕಾಲಿಯ ಮೇಲೆ. ಬಲಗೈಯ ಕಲೆಯನ್ನು ಉಜ್ಜುತ್ತಾ ಕೂತಿದ್ದರು. ಆ ಕೈಗೆ ಬಿಸಿ ತಣ್ಣಗೆ ಗೊತ್ತಾಗುತ್ತಿರಲಿಲ್ಲ, ಈಗ ಎಡಗೈಯಿಂದ ಮುಟ್ಟುತ್ತಿದ್ದರು.

"ಬೀಯೆಸ್ಸಿ, ಅವತ್ತ ನಿನಗ ವಾಸನಿ ಗೊತ್ತಾಗಿತ್ತು. ಯಾಕ ಬಾಯಿ ತಗೀಲಿಲ್ಲ?"

"ಹೆದರಿಕೆ ಆಯ್ತು ಕಾಕಾ."

"ಛಲೋ ಆತು. ತಗದಿದ್ರ ನೀ ಖರೇ ಹೇಳತಿದ್ದಿ." ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತಿತು. "ಆ ಕೂಸಿನ ತಲಿ ಮುಟ್ಟಿಸಿದ್ಲಲ್ಲೋ. ಬಿಚ್ಚಿ ನೋಡಬೇಕಿತ್ತು ಆಕಿ. ಒಬ್ಬರರೆ ಬಿಚ್ಚಿ ನೋಡಬೇಕಿತ್ತು."

ಕಳೆದ ಶ್ರಾವಣದಲ್ಲಿ ಕಾಕಾ ಹೋದರು. ಕರೆಂಟಿನಿಂದಲ್ಲ, ಬೆಂಕಿಯಿಂದಲ್ಲ, ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ಸೆಕ್ರೆಟರಿ ಸಂತಾಪ ಸಭೆಯಲ್ಲಿ ಅತ್ತರು. ಈಗ ಗಚ್ಚಿನ ಮೇಲೆ ಆ ಎರಡು ಫಲಕಗಳ ಪಕ್ಕ ಬೋರ್ಡು ಇದೆ: ಸೊಸೈಟಿಯ ಹಸಿರು ಯೋಜನೆ, ಸಮಿತಿಯ ದೂರದೃಷ್ಟಿಯ ಫಲ. ಬೋರ್ಡಿಗೂ ಸಂಡಿಗೆಯ ಬಟ್ಟೆ ಕಟ್ಟಿದ್ದಾರೆ.

ತಿಂಗಳಿಗೊಮ್ಮೆ ನಾನು ಟಿಟ್ವಾಳಾಕ್ಕೆ ಹೋಗಿ ಬ್ಯಾಟರಿ ನೋಡಿ ಬರುತ್ತೇನೆ. ಪೆಟ್ಟಿಗೆಗೆ ಹಿಂಗೈ ಇಡುತ್ತೇನೆ. ತಣ್ಣಗಿರುತ್ತದೆ. ಮೊನ್ನೆ ಹೊರಡುವಾಗ ಗೋದಕ್ಕ ಒಂದು ಬಟ್ಟೆಯ ಪೊಟ್ಟಣ ಕೊಟ್ಟರು. "ದೇವರ ಹೂವಪ್ಪಾ. ಹೊಳಿ ಬಂದಾಗ ಬಿಡು. ವಾಮ್ಯಾ ಒಯ್ಯತಿದ್ದ."

ಗಾಡಿ ಅಂಬಿವಲಿ ದಾಟಿತು. ಪೊಟ್ಟಣ ತೊಡೆಯ ಮೇಲಿತ್ತು. ಎದುರಿಗೆ ನಿಂತಿದ್ದ ಹುಡುಗಿ ನೋಡಿ ಕೈ ಚಾಚಿದಳು. "ನಿರ್ಮಾಲ್ಯ ಹೈ ನಾ ಅಂಕಲ್? ದೋ, ಪುಲ್ ಆ ರಹಾ ಹೈ."

ನಾನು ಹಿಂಗೈ ಇಟ್ಟು ನೋಡಿದೆ. ಆದರೂ ಕೊಡಲಾಗಲಿಲ್ಲ. ಗಂಟು ಬಿಚ್ಚಿ, ಬಾಡಿದ ದಾಸವಾಳವನ್ನು, ತುಳಸಿಯನ್ನು, ತಳದಲ್ಲಿದ್ದ ಒಂದು ಸೇವಂತಿಗೆಯನ್ನು ಅವಳ ಮುಖದ ಮುಂದೆ ಹಿಡಿದು ತೋರಿಸಿದೆ. ಸೇತುವೆ ಗಡಗಡ ಎನ್ನತೊಡಗಿತ್ತು.

"ಅರೆ ಅಂಕಲ್," ನಾನು ಬಿಚ್ಚಿ ತೋರಿಸಿದ್ದಕ್ಕೆ ಅವಳು ನಕ್ಕಳು, "ನಿರ್ಮಾಲ್ಯ ಖೋಲ್ ಕೇ ಕೌನ್ ದಿಖಾತಾ ಹೈ?"